ಇಳಿಯಪ್ಪಾ ಸೈಕಲ್ಲಿಂದ!

ಸರ್ಕಾರಿ ನೌಕರನ ನಿವೃತ್ತಿಗೆ ಒಂದು ತಾರೀಖು ಅಂತಿರುತ್ತದೆ. ಆ ದಿನ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ, ಖಾರಾಬಾತ್-ಕೇಸರಿಬಾತ್. ಮಾರನೆಯ ದಿನ ಆತ ಕಚೇರಿಗೆ ಬಂದು 'ಕೈಯಲ್ಲಿ ಇನ್ನೂ ಕಸುವಿದೆ, ಎರಡು ವರ್ಷ ಫೈಲು ನೋಡ್ತೀನಿ' ಅಂದರೆ ವಾಚ್‌ಮನ್ನೇ ಒಳಗೆ ಬಿಡುವುದಿಲ್ಲ. ಕ್ರೀಡಾಪಟುವಿಗೆ ಈ ಭಾಗ್ಯವಿಲ್ಲ. ಅವನು ಯಾವಾಗ ಹೋಗಬೇಕು, ಹೋದವನು ತಿರುಗಿ ಬರಬಹುದೋ ಬಾರದೋ ಅನ್ನುವುದನ್ನೆಲ್ಲ ತೀರ್ಮಾನಿಸುವವರು ಅಭಿಮಾನಿಗಳು. ಅದರಲ್ಲೂ ಸೈಕಲ್ ರೇಸಿನ ಅಭಿಮಾನಿಗಳು ಅಂದರೆ ಕೇಳಲೇಬೇಡಿ. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕಾದು, ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋಗುವ ಗುಂಪನ್ನು ನೋಡಿ ಧನ್ಯರಾಗುವ ಜನ ಇವರು. ಮಿಕ್ಕ ಹೊತ್ತೆಲ್ಲ ಏನು ಮಾಡಬೇಕು ಹೇಳಿ? ವಾದ ಮಾಡಬೇಕು.

ಇಂಥವರ ಬಾಯಿಗೆ 2008ರ ಸೆಪ್ಟೆಂಬರ್ 9ರಂದು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ತಾನಾಗಿಯೇ ಬಂದು ಬಿದ್ದ. 1999ರಿಂದ 2005ರವರೆಗೆ ಸಾಲಾಗಿ ಏಳು ಸಲ ಟೂರ್ ಡಿ ಫ್ರಾನ್ಸ್ ಗೆದ್ದು, ಪ್ಯಾರಿಸ್ಸಿನಲ್ಲಿ, ಒಟ್ಟಾರೆ ಮುಂದಿರುವವನು ತೊಡುವ ಹಳದಿ ಜರ್ಸಿಯಲ್ಲೇ ಮೈಕು ಹಿಡಿದು, ತನ್ನನ್ನು ನಂಬದವರ ಬಗ್ಗೆ ಕನಿಕರ ತೋರಿಸಿ ಮನೆಗೆ ಹೋಗಿದ್ದ ಅಮೆರಿಕದ ಆಸಾಮಿ. ವೃಷಣದಲ್ಲಿ ಹುಟ್ಟಿ ಶ್ವಾಸಕೋಶ, ಮಿದುಳಿಗೂ ಹರಡಿದ್ದ ಕ್ಯಾನ್ಸರನ್ನು ಗೆದ್ದು ಬಂದವನೆಂದು ಲೋಕವೆಲ್ಲ ಅವನ ಹಳದಿ ರಬ್ಬರ್ ಪಟ್ಟಿಯನ್ನು ಮುಂಗೈಗೆ ಹಾಕಿಕೊಂಡಿತ್ತು. ನಮ್ಮ ಫುಟ್‌ಪಾತುಗಳಲ್ಲೂ ಅದರ ನಕಲು ಸಿಗುತ್ತಿತ್ತು. ಕ್ಯಾನ್ಸರಿಗೂ ಸೈಕಲ್ಲಿಗೂ ಸಂಬಂಧವಿಲ್ಲದ ಕಾಲೇಜು ಹುಡುಗರು ಅದನ್ನು ತೊಟ್ಟು ಬೈಕಿನಲ್ಲಿ ಓಡಾಡುತ್ತಿದ್ದರು.

ನಿವೃತ್ತನಾದ ಮೇಲೆ ಆತ ನೆಮ್ಮದಿಯಾಗಿ ಇದ್ದನೇ ಅಂದರೆ, ಇಲ್ಲ. 2006ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಡಿದ. ಮೂರು ಗಂಟೆಗೆ ಇನ್ನೇನು ಕೆಲವೇ ಸೆಕೆಂಡು ಬಾಕಿ ಇರುವಾಗ ಕಾಲೆಳೆದುಕೊಂಡು ಮುಗಿಸಿದ. 2008ರ ಆಗಸ್ಟಿನಲ್ಲಿ ಕೊಲೊರಾಡೋದ ಲೆಡ್‌ವಿಲ್ ಬೆಟ್ಟಗಳಲ್ಲಿ 100 ಮೈಲಿಯ ಮೌಂಟನ್ ಬೈಕ್ ರೇಸಿಗೆ ಇಳಿದ. ಅಲ್ಲಿ ಎರಡನೆಯವನಾದ. ಗೆದ್ದವನು ಡೇವ್ ವೀನ್ಸ್, ಇವನಿಗಿಂತ ಏಳು ವರ್ಷ ದೊಡ್ಡವನು! ತನಗಿಂತ ಹಿರಿಯನ ಹಿಂದೆ ಧೂಳು ತಿಂದವನಿಗೆ 'ನನಗೆ ವಯಸ್ಸಾಯಿತು' ಎಂದು ಹೇಗೆ ತಾನೇ ಅನ್ನಿಸೀತು? ತಿಂಗಳು ಕಳೆಯುವಷ್ಟರಲ್ಲಿ 'ಮತ್ತೆ ಬರುತ್ತೇನೆ' ಎಂದು ಸಾರಿಬಿಟ್ಟ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಗೊತ್ತಿಲ್ಲ.

ಸರಿ, ಶುರುವಾಯಿತು. ಹತ್ತು ದಿನದಲ್ಲಿ ಆತನಿಗೆ 37 ತುಂಬುವುದಿತ್ತು. ಲೆಕ್ಕದ ಮೇಷ್ಟರ ಜಾತಿಯ ಅಭಿಮಾನಿ ಎದ್ದುನಿಂತ: 'ಟೂರ್ ಗೆದ್ದವರಲ್ಲಿ ಅತಿ ಹಿರಿಯ ಬೆಲ್ಜಿಯಂನ ಫಿರ್ಮಿನ್ ಲಾಂಬೋ. 1922ರಲ್ಲಿ, 36ನೇ ವಯಸ್ಸಿನಲ್ಲಿ. ಇಳಿಯಪ್ಪಾ ಸೈಕಲ್ಲಿಂದ!' ಎದುರು ಪಕ್ಷದವನು ಸುಮ್ಮನಿರುತ್ತಾನೆಯೇ? 'ಪೂಲಿಡೋರ್ 1976ರಲ್ಲಿ 40 ತುಂಬಿದ ಮೇಲೂ ಮೂರನೆಯವನಾಗಲಿಲ್ಲವೇ? ಹಳೆಯ ಮಾತು ಯಾಕೆ, ಬೀಜಿಂಗ್ ಒಲಿಂಪಿಕ್ಸಿನಲ್ಲಿ ಮೊನ್ನೆ ಮೊನ್ನೆ ಜೀನಿ ಲೊಂಗೊ ಅನ್ನುವ ಫ್ರೆಂಚ್ ಅಮ್ಮ 49ರಲ್ಲಿ ಟೈಮ್ ಟ್ರಯಲ್ಲಿನಲ್ಲಿ ನಾಲ್ಕನೆಯವಳಾಗಲಿಲ್ಲವೇ?' ಇನ್ನೊಬ್ಬ ಹಳಬ ಗಂಟಲು ಸರಿ ಮಾಡಿಕೊಂಡು, 'ಇನೋನನ್ನು ನೋಡಿ ಕಲೀಬೇಕು' ಅನ್ನುತ್ತಾನೆ. ಐದು ಟೂರ್ ಗೆದ್ದ ಬರ್ನಾರ್ ಇನೋ, 32 ತುಂಬುತ್ತಿದ್ದಂತೆ ಬಿಡುತ್ತೇನೆ ಎಂದು ಮೊದಲೇ ಹೇಳಿದ್ದ. 1986ರಲ್ಲಿ ಹೇಳಿದ ಹಾಗೆ ಬಿಟ್ಟು ಬ್ರಿಟನಿಯಲ್ಲಿ ಬೇಸಾಯಕ್ಕೆ ಇಳಿದ. ಅಭಿಮಾನಿಗಳಿಗೆ ಆತನ ಮೇಲೆ ಸಿಟ್ಟೇನೂ ಇಲ್ಲ, ಆದರೆ ಮಾತಾಡಲು ಅವಕಾಶವನ್ನೇ ಕೊಡಲಿಲ್ಲವಲ್ಲ ಎಂಬ ಸಣ್ಣ ಬೇಜಾರು ಇದ್ದೇ ಇದೆ.

ಹಳೆಯ ದಾಖಲೆಗಳೆಲ್ಲ ಮುಗಿದರೆ ಕೊನೆಗೆ ಹೊರಬರುವ ಅಸ್ತ್ರ ಜೀನೊ ಬಾರ್ತಾಲಿ. ಇಟಲಿಯವನು. ಮೊದಲ ಟೂರ್ ಗೆದ್ದದ್ದು 1938ರಲ್ಲಿ. ಆಮೇಲೆ ಮಹಾಯುದ್ಧ ಬಂದು ಅವನ ಒಳ್ಳೆಯ ವರ್ಷಗಳನ್ನೆಲ್ಲ ನುಂಗಿ ಹಾಕಿತು. 1948ರಲ್ಲಿ ಮತ್ತೆ ಬಂದಾಗ ಇಟಲಿಯವರೇ ಅವನನ್ನು 'ಮುದುಕ' ಎನ್ನುತ್ತಿದ್ದರು. ಕಿರಿಯ ಫೌಸ್ತೊ ಕೊಪ್ಪಿಯ ಪಕ್ಷ, ಬಾರ್ತಾಲಿಯ ಪಕ್ಷ ಎಂದು ದೇಶವೇ ಎರಡಾಗಿತ್ತು. ಆಲ್ಪ್ಸ್ ಹತ್ತುವ ಮುಂಚೆ ಮುದುಕ ಎಲ್ಲರಿಗಿಂತ ಮುಂದಿದ್ದವನಿಗಿಂತ 21 ನಿಮಿಷ ಹಿಂದಿದ್ದ. ಜುಲೈ 14ರಂದು ರೋಮಿನಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯ ಮೇಲೆ ಗುಂಡು ಹಾರಿತು, ದೇಶ ಹೊತ್ತಿಕೊಳ್ಳುವ ಹಾಗಾಯಿತು. ಪ್ರಧಾನಿ ದೆ ಗಾಸ್ಪೆರಿ ಫೋನು ಮಾಡಿ ಗೆಲ್ಲು ಎಂದರಂತೆ. ಮುದುಕ ಮಾರನೆಯ ದಿನದಿಂದ ಸಾಲಾಗಿ ಮೂರು ಹಂತ, ಅಂದರೆ ದಿನಕ್ಕೊಂದರಂತೆ ನಡೆಯುವ ಓಟ, ಗೆದ್ದು, ಕೊನೆಗೆ ಟೂರನ್ನೇ ಗೆದ್ದುಬಿಟ್ಟ. ಅವನ ಅಭಿಮಾನಿಗಳನ್ನು ಕೇಳಿದರೆ ಅಂತರ್ಯುದ್ಧ ತಪ್ಪಿಸಿದ್ದೇ ಬಾರ್ತಾಲಿಯ ತೊಡೆಗಳು. ಇತಿಹಾಸದ ಪ್ರೊಫೆಸರುಗಳು ಇಷ್ಟು ದೂರ ಹೋಗುವುದಿಲ್ಲ, ಆದರೆ ವಾದದಲ್ಲಿ ಅವರ ಮಾತು ಯಾರಿಗೆ ಬೇಕು? ಮೂವತ್ತು ದಾಟಿದ ಯಾವ ಸವಾರ ಎಡವಿದರೂ ಬಾರ್ತಾಲಿಯನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ.

ಇನ್ನು 2009ರ ಟೂರಿಗೆ ಬರೋಣ. ಆರ್ಮ್‌ಸ್ಟ್ರಾಂಗ್ ಸೇರಿದ್ದು ಅಸ್ತಾನಾ ತಂಡ. ಅಲ್ಲಿ ಆಗಲೇ ಯಜಮಾನನೊಬ್ಬನಿದ್ದ: 26ರ ಸ್ಪೇನಿನ ಹುಡುಗ ಆಲ್ಬರ್ಟೊ ಕಾಂಟಡೋರ್, 2007ರ ಟೂರ್ ವಿಜೇತ. ಒಂದೇ ಅಡುಗೆಮನೆಯಲ್ಲಿ ಎರಡು ಸೌಟು! ಮೂರನೇ ದಿನ ಲಾ ಗ್ರಾಂದ್ ಮೋತ್ ಕಡೆಗೆ ಹೋಗುವ ಬಯಲು ರಸ್ತೆ, ಸಮುದ್ರದ ಹತ್ತಿರ, ಪಕ್ಕದಿಂದ ಬೀಸುವ ಗಾಳಿ. ಇಂಥ ಗಾಳಿಯಲ್ಲಿ ಸವಾರರು ಒಬ್ಬರ ಮರೆಗೆ ಒಬ್ಬರು ಓರೆಯಾಗಿ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಮುಗಿದಲ್ಲಿಗೆ ಮರೆಯೂ ಮುಗಿಯಿತು. ಆ ಸಾಲಿನಲ್ಲಿ ಜಾಗ ಸಿಗದವನು ಅಂಚಿನಲ್ಲಿ ಗಾಳಿ ಕುಡಿಯುತ್ತ ಹಿಂದುಳಿಯಬೇಕು. ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ಸೈಕಲ್ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತಿರುವಿನಲ್ಲಿ ಕೊಲಂಬಿಯಾ ತಂಡ ಒಮ್ಮೆಲೇ ಒತ್ತಿತು, ಗುಂಪು ಎರಡಾಗಿ ಸೀಳಿತು. 37ರ ಮುದುಕ ಮುಂದಿನ ಗುಂಪಿನಲ್ಲಿ, 26ರ ಯಜಮಾನ ಹಿಂದಿನ ಗುಂಪಿನಲ್ಲಿ! ಕಾಲಿನ ಬಲ ಹುಡುಗನಿಗೇ ಹೆಚ್ಚು, ಆದರೆ ಗಾಳಿಯ ವಾಸನೆ ಹಿಡಿಯುವ ಮೂಗು ಹಳಬನದು. ಆ ದಿನ ಹಂತ ಗೆದ್ದವನು ಮಾರ್ಕ್ ಕ್ಯಾವೆಂಡಿಷ್ ಎಂಬ 24ರ ಹುಡುಗ. ಈ ಹೆಸರನ್ನು ಗಂಟು ಹಾಕಿಟ್ಟುಕೊಳ್ಳಿ.

ಮಾರನೆಯ ದಿನ ಮೊಂಪೆಲಿಯೆಯಲ್ಲಿ ತಂಡಗಳ ಟೈಮ್ ಟ್ರಯಲ್, ಅಂದರೆ ಗಡಿಯಾರದ ವಿರುದ್ಧದ ಓಟ. ಅಸ್ತಾನಾ ಗೆದ್ದಿತು. ಲೆಕ್ಕ ಹಾಕಿ ನೋಡಿದರೆ ಆರ್ಮ್‌ಸ್ಟ್ರಾಂಗ್‌ಗೂ ಹಳದಿ ಜರ್ಸಿಯಲ್ಲಿದ್ದ ಕಾನ್ಸೆಲಾರನಿಗೂ ನಿಮಿಷ ಸೆಕೆಂಡುಗಳಲ್ಲಿ ಒಂದೇ ಸಮಯ. ಸೆಕೆಂಡಿನ ನೂರು ಚೂರುಗಳಲ್ಲಿ 22 ಚೂರಿನಷ್ಟು ಅಂತರದಲ್ಲಿ ಹಳದಿ ತಪ್ಪಿತು. ಆ 22 ಚೂರಿನ ಮೇಲೆ ನಡೆದ ವಾದ ಅಷ್ಟಿಷ್ಟಲ್ಲ. ಒಬ್ಬ, 'ವಯಸ್ಸಲ್ಲವೇ, ಅಲ್ಲೇ ಗೊತ್ತಾಗೋದು' ಅಂದ. ಇನ್ನೊಬ್ಬ, 'ಮೂಗು ಒರೆಸಿಕೊಳ್ಳದೆ ಇದ್ದಿದ್ದರೆ ಹಳದಿ ನಮ್ಮದೇ' ಅಂದ.

ಕೊನೆಯ ದೊಡ್ಡ ಏರು ಮಾಂ ವೆಂಟೂ, ಬೋಳು ತಲೆಯ ಬಿಳಿ ಬೆಟ್ಟ. ಅಲ್ಲಿ ಜನ ರಸ್ತೆ ಬದಿಯಲ್ಲಿ ವ್ಯಾನು ನಿಲ್ಲಿಸಿ, ಪಾಸ್ತಿಸ್ ಮದ್ಯ ಹೀರುತ್ತ ಮುಂಚಿತವಾಗಿಯೇ ಬಿಡಾರ ಹೂಡುತ್ತಾರೆ. ರಸ್ತೆಗೆ ಸವಾರರ ಹೆಸರು ಬಳಿಯುವುದು ಹಳೆಯ ಪದ್ಧತಿ. ಆ ವರ್ಷದ ಟೂರಿನಲ್ಲಿ ಆರ್ಮ್‌ಸ್ಟ್ರಾಂಗ್ ಕಡೆಯವರು ಒಂದು ಯಂತ್ರವನ್ನೇ ತಂದಿದ್ದರು. ಜಗತ್ತಿನ ಎಲ್ಲಿಂದಲೋ ಕಳಿಸಿದ ಸಂದೇಶಗಳನ್ನು ಅದು ಹಳದಿ ಸೀಮೆಸುಣ್ಣದಲ್ಲಿ ಡಾಂಬರಿನ ಮೇಲೆ ಚಿಮ್ಮಿಸುತ್ತ ಹೋಗುತ್ತಿತ್ತು. ಕೈಯಲ್ಲಿ ಬ್ರಷ್ಷು ಹಿಡಿದವನಿಗೆ ಬೆವರಾದರೂ ಬರುತ್ತಿತ್ತು. ಅಭಿಮಾನವನ್ನೂ ಯಂತ್ರಕ್ಕೆ ವಹಿಸಿದ ಮೇಲೆ ಉಳಿದದ್ದೇನು, ನೀವೇ ಹೇಳಿ. ಆರ್ಮ್‌ಸ್ಟ್ರಾಂಗ್ ಆ ಬೆಟ್ಟದ ಮೇಲೆ ಐದನೆಯವನಾಗಿ ಬಂದು, ಒಟ್ಟಾರೆ ಮೂರನೆಯ ಸ್ಥಾನ ಉಳಿಸಿಕೊಂಡ. ಗೆದ್ದದ್ದು ಕಾಂಟಡೋರ್. ಆರ್ಮ್‌ಸ್ಟ್ರಾಂಗ್ 5 ನಿಮಿಷ 24 ಸೆಕೆಂಡು ಹಿಂದೆ.

ವಾದ ಮುಗಿಯುವುದಕ್ಕೆ ಈ ಫಲಿತಾಂಶಕ್ಕಿಂತ ಕೆಟ್ಟ ಫಲಿತಾಂಶ ಬೇರೆ ಇಲ್ಲ. ಮೊದಲನೆಯವನಾಗಿದ್ದರೆ ಒಂದು ಪಕ್ಷ ಬಾಯಿ ಮುಚ್ಚುತ್ತಿತ್ತು, ಮೂವತ್ತನೆಯವನಾಗಿದ್ದರೆ ಇನ್ನೊಂದು. ಮೂರನೆಯವನಾದದ್ದರಿಂದ ಇಬ್ಬರೂ ಗೆದ್ದರು. 'ಗೆಲ್ಲಲಿಲ್ಲ, ನೋಡಿದಿರಾ?' ಎಂದರು ಇವರು. '37ರಲ್ಲಿ ಮೂರನೆಯವನು, ನೋಡಿದಿರಾ?' ಎಂದರು ಅವರು. ಇತ್ತ ಕಾಂಟಡೋರ್ ಮನೆಗೆ ಹೋಗಿ, ಆ ಮನುಷ್ಯನ ಮೇಲೆ ತನಗೆ ಯಾವತ್ತೂ ಮೆಚ್ಚುಗೆ ಇರಲಿಲ್ಲ, ಮುಂದೆಯೂ ಇರುವುದಿಲ್ಲ ಎಂದುಬಿಟ್ಟ. ಇಡೀ ವರ್ಷದಲ್ಲಿ ಯಾರಾದರೂ ನೇರವಾಗಿ ಆಡಿದ ಮಾತಿದ್ದರೆ ಅದೊಂದೇ ಎಂದು ನನ್ನ ಎಣಿಕೆ.

ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಇಷ್ಟೆಲ್ಲ ಜನ ಅವನ ವಯಸ್ಸು ಎಣಿಸಿದರು, ನಾಡಿ ಎಣಿಸಿದರು, ಮೀನಖಂಡದ ಸುತ್ತಳತೆ ಅಂದಾಜು ಮಾಡಿದರು. ಆದರೆ ಎಣಿಸಬೇಕಾದ್ದು ಆಗಲೇ ಎದುರಿಗಿತ್ತು. 2005ರ ಆಗಸ್ಟಿನಲ್ಲೇ ಫ್ರಾನ್ಸಿನ 'ಲೆಕಿಪ್' ಪತ್ರಿಕೆ, ಅವನ 1999ರ ಮೂತ್ರದ ಮಾದರಿಗಳಲ್ಲಿ ಇಪಿಒ ಎಂಬ ಉದ್ದೀಪನ ಮದ್ದು ಸಿಕ್ಕಿದೆ ಎಂದು ಮುಖಪುಟದಲ್ಲೇ ಬರೆದಿತ್ತು. ಪತ್ರಕರ್ತ ಪಾಲ್ ಕಿಮೇಜ್ 2009ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲ್ಲರೆದುರು ಮದ್ದಿನ ವಿಷಯ ಎತ್ತಿ ಅವನಿಂದ ಬೈಸಿಕೊಂಡ. ಅಭಿಮಾನಿಗಳು ಇದನ್ನೆಲ್ಲ ಕೇಳಿದರು, ಕೆಮ್ಮಿದರು, ಮತ್ತೆ ವಯಸ್ಸಿಗೆ ಹಿಂತಿರುಗಿದರು. ವಯಸ್ಸು ಮರ್ಯಾದಸ್ಥ ವಿಷಯ ನೋಡಿ. ಮಕ್ಕಳ ಮುಂದೆ, ಅತ್ತೆಮಾವಂದಿರ ಮುಂದೆಯೂ ಮಾತಾಡಬಹುದು.

2010ರಲ್ಲಿ ಆರ್ಮ್‌ಸ್ಟ್ರಾಂಗ್ ಹೊಸ ತಂಡ ಕಟ್ಟಿಕೊಂಡು ಬಂದ. ಹಳೆಯ ಸಹಸವಾರ ಫ್ಲಾಯ್ಡ್ ಲ್ಯಾಂಡಿಸ್‌ಗೆ ಅಲ್ಲಿ ಜಾಗ ಸಿಗಲಿಲ್ಲ. ಲ್ಯಾಂಡಿಸ್ 2006ರ ಟೂರ್ ಗೆದ್ದು, ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪಟ್ಟ ಕಳೆದುಕೊಂಡವನು. ನನಗಿಲ್ಲದ ಜಾಗ ನಿನಗೇಕೆ ಅಂದುಕೊಂಡನೋ ಏನೋ, ಆ ವಸಂತದಲ್ಲಿ ಎಲ್ಲವನ್ನೂ ಪತ್ರಗಳಲ್ಲಿ ಬರೆದು ಅಧಿಕಾರಿಗಳಿಗೆ ಕಳಿಸಿಬಿಟ್ಟ. ಆ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಬಿದ್ದೂ ಎದ್ದೂ 23ನೆಯವನಾದ, 'ಹೇಳಿರಲಿಲ್ಲವೇ, ವಯಸ್ಸು!' ಎಂದು ಲೆಕ್ಕದ ಮೇಷ್ಟರು ಮೀಸೆ ತಿರುವಿದರು. ಎರಡೇ ವರ್ಷ. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಸಾಕ್ಷ್ಯಗಳ ಕಂತೆ ಬಿಚ್ಚಿತು. 1998ರ ಆಗಸ್ಟಿನಿಂದ ಈಚಿನ ಎಲ್ಲ ಫಲಿತಾಂಶಗಳೂ ರದ್ದು, ಏಳು ಟೂರುಗಳೂ ಮಣ್ಣುಪಾಲು, ಆಜೀವ ನಿಷೇಧ. ಮರು ಜನವರಿಯಲ್ಲಿ ಟಿವಿಯಲ್ಲಿ ಓಪ್ರಾ ಎದುರು ಕೂತು ಒಪ್ಪಿಕೊಂಡ. 2009 ಮತ್ತು 2010ರಲ್ಲಿ ಮಾತ್ರ ಏನೂ ತೆಗೆದುಕೊಂಡಿಲ್ಲ ಎಂದ. ಸಂಸ್ಥೆಯವರು ರಕ್ತದ ಲೆಕ್ಕ ತೋರಿಸಿ ಅದನ್ನೂ ನಂಬಲಿಲ್ಲ. ಆ ಮೂರನೆಯ ಸ್ಥಾನವೂ ಹೋಗಿ, ನಾಲ್ಕನೆಯವನಾಗಿದ್ದ ವಿಗ್ಗಿನ್ಸ್ ಮೇಲೇರಿದ.

ಈಗ ವಾದದ ಪಕ್ಷಗಳನ್ನು ಇನ್ನೊಮ್ಮೆ ನೋಡಿ. 'ಬರಬೇಡ, ಮನೆಯಲ್ಲೇ ಇರು' ಎಂದು ಕೂಗಿದವರ ಮಾತು ಕೇಳಿದ್ದಿದ್ದರೆ ಅವನ ಏಳು ಪಟ್ಟಗಳು ಬಹುಶಃ ಇಂದಿಗೂ ಅವನ ಹೆಸರಿನಲ್ಲೇ ಇರುತ್ತಿದ್ದವು. ಅಂದರೆ ಅವನನ್ನು ಹೀಗಳೆದವರೇ ನಿಜವಾದ ಹಿತೈಷಿಗಳು! 'ಬಾ ಲ್ಯಾನ್ಸ್, ತೋರಿಸಿಕೊಡು' ಎಂದು ಹುರಿದುಂಬಿಸಿದವರು ಅವನನ್ನು ಕೈಹಿಡಿದು ಕಟಕಟೆಗೆ ಕರೆದೊಯ್ದರು. ಇಬ್ಬರಿಗೂ ತಾವು ಏನು ಮಾಡುತ್ತಿದ್ದೇವೆ ಎಂದು ಗೊತ್ತಿರಲಿಲ್ಲ. ಅಭಿಮಾನಿಗಳ ಸಲಹೆಯಲ್ಲಿ ಇದೊಂದು ಸೊಗಸು.

ಇಷ್ಟಾದ ಮೇಲಾದರೂ ವಯಸ್ಸಿನ ವಾದ ಮುಗಿಯಬೇಕಿತ್ತು. ಎಲ್ಲಿ ಮುಗಿಯುತ್ತದೆ? ಗಂಟು ಹಾಕಿಟ್ಟ ಹೆಸರು ಬಿಚ್ಚಿ: ಮಾರ್ಕ್ ಕ್ಯಾವೆಂಡಿಷ್. ಬೆಟ್ಟ ಕಂಡರೆ ಬಾಯಿ ಒಣಗುವ, ಕೊನೆಯ 200 ಮೀಟರಿನಲ್ಲಿ ಮಾತ್ರ ಹುಲಿಯಾಗುವ ಸವಾರ. ಟೂರಿನಲ್ಲಿ 34 ಹಂತ ಗೆದ್ದ ಎಡ್ಡಿ ಮೆರ್ಕ್ಸ್‌ನ ದಾಖಲೆಯನ್ನು 2021ರಲ್ಲಿ ಮುಟ್ಟಿದ್ದ. 2023ರಲ್ಲಿ 'ಇದೇ ಕೊನೆ' ಎಂದ, ಟೂರಿನಲ್ಲಿ ಬಿದ್ದು ಕೊರಳಿನ ಎಲುಬು ಮುರಿದುಕೊಂಡ, 'ಅಲ್ಲ, ಇನ್ನೊಂದು ವರ್ಷ' ಎಂದ. ತಂಡದ ಹೆಸರು? ಅದೇ ಅಸ್ತಾನಾ. 2024ರ ಟೂರಿನ ಮೊದಲ ದಿನವೇ ಫ್ಲಾರೆನ್ಸಿನಿಂದ ರಿಮಿನಿಗೆ ಹೋಗುವ ಬಿಸಿಲಲ್ಲಿ ಸೈಕಲ್ ಮೇಲೆಯೇ ವಾಂತಿ ಮಾಡಿಕೊಂಡ. ಸಂಗಡಿಗರು ಸುತ್ತುವರಿದು ನೀರು ಸುರಿಯುತ್ತ, ಗಡಿಯಾರ ನೋಡುತ್ತ, ಹೊರಗೆ ಹಾಕುವ ಸಮಯಕ್ಕೆ ಮುಂಚೆ ಅವನನ್ನು ಗೆರೆ ದಾಟಿಸಿದರು. ಅದನ್ನು ಕಂಡು 'ಇಳಿಯಪ್ಪಾ!' ಎನ್ನದವರೇ ಇಲ್ಲ. ಸುಳ್ಳೇಕೆ, ನಾನೂ ಅಂದೆ. ಐದನೇ ಹಂತ, ಜುಲೈ 3, ಸಾಂ ವುಲ್ಬಾ ಎಂಬ ಊರು. 39ರ ಕ್ಯಾವೆಂಡಿಷ್ ಒಂದು ಚಕ್ರ ಬಿಟ್ಟು ಇನ್ನೊಂದು ಚಕ್ರ ಹಿಡಿದು, ಗುಂಪಿನ ನಡುವಿನಿಂದ ಬಲಕ್ಕೂ ಎಡಕ್ಕೂ ನುಸುಳಿ ಹೊರಬಿದ್ದ. 35 ಆಯಿತು.

ಈಗಲಾದರೂ ಸರಿಯಾದ ಹೊತ್ತಿಗೆ ಬಿಡುತ್ತಿದ್ದಾನೆ ಎಂದು ಎಲ್ಲರೂ ಒಪ್ಪಿದರು. ಆದರೆ ಆ ನವೆಂಬರಿನಲ್ಲಿ ಸಿಂಗಪುರದಲ್ಲಿ ತನ್ನ ಕಟ್ಟಕಡೆಯ ರೇಸಿಗೆ ಇಳಿದ ಆಸಾಮಿ ಅದನ್ನೂ ಗೆದ್ದುಬಿಟ್ಟ. ಗೆದ್ದ ಸುದ್ದಿ ಬಂದ ಹೊತ್ತಿನಿಂದ ನಮ್ಮವರು ಹೊಸ ವಾದ ಹಿಡಿದಿದ್ದಾರೆ: 'ಗೆಲ್ಲುತ್ತಿರುವವನು ಯಾಕ್ರೀ ಬಿಡಬೇಕು? 36 ಆಗುತ್ತಿರಲಿಲ್ಲವೇ?'