ಡೇರೆ ದೊಡ್ಡಮ್ಮ

ಹರಿಹರಪುರದ ನಮ್ಮ ದೊಡ್ಡಮ್ಮನನ್ನು ಮದುವೆಮನೆಗೆ ಕರೆದೊಯ್ಯುವವರು ಒಂದು ವಿಷಯ ತಿಳಿದಿರಬೇಕು. ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಅವರು ಪಂಕ್ತಿಯಲ್ಲಿರುವುದಿಲ್ಲ, ಬಚ್ಚಲುಮನೆಯ ಹಿಂದೆ ಹುಡುಕಬೇಕು.

ಮಲೆನಾಡಿನ ಪ್ರತಿ ಊರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೈಚೀಲದಲ್ಲಿ ಅರ್ಧ ಬ್ಲೇಡು, ಒಂದು ಒದ್ದೆ ಬಟ್ಟೆ. ದಾಸವಾಳದ ಕಡ್ಡಿಯನ್ನು ಕೇಳಿ ತರುತ್ತಾರೆ, ಕೊಡದಿದ್ದರೆ ಕೇಳದೇ ತರುತ್ತಾರೆ. ಕದ್ದ ಗಿಡ ಬೇಗ ಚಿಗುರುತ್ತದೆ ಎಂಬ ಶಾಸ್ತ್ರ ಬೇರೆ!

ಶೃಂಗೇರಿ ಕಡೆಯ ಒಂದು ಮದುವೆಯಲ್ಲಿ ದೊಡ್ಡಮ್ಮ ರೇಷ್ಮೆ ಸೀರೆ ಎತ್ತಿಕಟ್ಟಿ ಡೇರೆ ಗೆಡ್ಡೆ ಬಗೆಯುತ್ತಿದ್ದರು. "ಹೋದ ಮಳೆಗಾಲದಲ್ಲಿ ಬಸ್ಸಿನಿಂದಲೇ ನೋಡಿಟ್ಟಿದ್ದೆ ಮಾರಾಯ, ಕಡುಗೆಂಪು. ನಿನ್ನ ಶಲ್ಯ ಕೊಡು." ಮೊಳಕೆ ಮುರಿಯಬಾರದೆಂದು ಆ ಕೆಸರಿನ ಗಂಟನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಕಂಡಕ್ಟರ್ ಅರ್ಧ ಟಿಕೆಟ್ ಕೇಳದ್ದು ಪುಣ್ಯ. ಮಳೆ ಹಿಡಿಯಿತು. ಕೋಲು ನೆಟ್ಟು ಕಟ್ಟಿದ್ದಾಯಿತು, ಬಸವನಹುಳ ಆರಿಸಿ ಎಸೆದದ್ದಾಯಿತು. ಅಂತೂ ಹೂ ಬಿಟ್ಟಿತು. ದೊಡ್ಡಮ್ಮ ಒಂದು ಎಸಳು ಮಗುಚಿ, ಬೆನ್ನಿನ ಹಳದಿ ಗೆರೆ ನೋಡಿ ಹಣೆ ಚಚ್ಚಿಕೊಂಡರು. "ಇದು ನಮ್ಮನೆಯದ್ದೇ ಅಲ್ವೇನೋ! ನಾನೇ ಅವಳಿಗೆ ಕೊಟ್ಟಿದ್ದು."

ಶಲ್ಯದ ಕಲೆ ಇನ್ನೂ ಹೋಗಿಲ್ಲ.

ಆ ಸಿಟ್ಟಿಗೇ ಇರಬೇಕು, ಒಮ್ಮೆ ನನ್ನ ಪಾಂಡಿತ್ಯ ಬಿಚ್ಚಿದೆ. ಡೇರೆ ಅಲ್ಲ, ಡೇಲಿಯಾ. ಮೂಲ ಮೆಕ್ಸಿಕೋ. ಸ್ಪೇನಿನ ಪಾದ್ರಿ ಕವಾನಿಲ್ಲೆಸ್ 1791ರಲ್ಲಿ ಅದಕ್ಕೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ದಾಲ್‌ನ ಹೆಸರಿಟ್ಟ. ದಾಲ್ ತೀರಿಹೋಗಿ ಆಗಲೇ ಎರಡು ವರ್ಷವಾಗಿತ್ತು. ನಮ್ಮ ಕಾಗದದ ಹೂವಿಗೂ ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕನ ಹೆಸರಿದೆ. ದೊಡ್ಡಮ್ಮ ಹೂಬತ್ತಿ ಹೊಸೆಯುತ್ತಲೇ ಕೇಳಿದರು.

"ಗೆಡ್ಡೆ ಕೊಟ್ಟವನು ಅವನಾ?"

"ಅಲ್ಲ."

"ಮತ್ಯಾಕೆ ಅವನ ಹೆಸರು?"

ಅವರ ಅಂಗಳದಲ್ಲಿ ಕೊಟ್ಟವರ ಹೆಸರೇ ಗಿಡಕ್ಕೆ. ಮುದ್ದೆ ದಾಸವಾಳ ಕೊಪ್ಪದ ಅತ್ತಿಗೆ, ನಂದಿಬಟ್ಟಲು ಜಯಪುರದ ಚಿಕ್ಕಿ. "ಅತ್ತಿಗೆ ಮೇಲೆ ಮಂಗ ಹತ್ತಿದೆ, ಓಡಿಸೋ!" ಎಂದು ಕೂಗಿದಾಗ ಹೊಸಬರು ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡದ್ದುಂಟು.

ಕೊಪ್ಪದ ಅತ್ತಿಗೆ ಈಗಿಲ್ಲ. ಮಕ್ಕಳು ಬೆಂಗಳೂರಲ್ಲಿ, ಮನೆಗೆ ಬೀಗ. ದೇವರಿಗೆ ಹೂ ಕೊಯ್ಯುವಾಗ ದೊಡ್ಡಮ್ಮ ಬೇರೆ ಗಿಡಗಳನ್ನೆಲ್ಲ ಬೋಳಿಸುತ್ತಾರೆ. ಆ ದಾಸವಾಳದಲ್ಲಿ ಮಾತ್ರ ದಿನಾ ಒಂದು ಹೂ ಉಳಿಯುತ್ತದೆ. ಯಾಕೆಂದು ಕೇಳಿದರೆ, "ಕೈಗೆ ಎಟಕಲಿಲ್ಲ." ಗಿಡ ಅವರ ಭುಜದಷ್ಟೆತ್ತರ.

ನಾನೂ ಒಮ್ಮೆ ನರ್ಸರಿಯಿಂದ ದುಡ್ಡು ಕೊಟ್ಟು ಗುಲಾಬಿ ತಂದುಕೊಟ್ಟಿದ್ದೆ. ಅದಕ್ಕೀಗ ನನ್ನ ಹೆಸರು. ಮೂರು ವರ್ಷದಿಂದ ಬರೀ ಎಲೆ, ಮುಳ್ಳು. ಬಂದವರಿಗೆಲ್ಲ ತೋರಿಸುತ್ತಾರೆ: "ಇವನು ನಮ್ಮ ಪುಟ್ಟ. ಉದ್ದಕ್ಕೆ ಬೆಳೆದಿದ್ದೇ ಬಂತು, ಇನ್ನೂ ಒಂದು ಮೊಗ್ಗಿಲ್ಲ."