ಉಪ್ಪುನೀರಿನ ಪಂಡಿತರು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಹತ್ತಿರದ ಕಡಲು ಕಾಣಲೂ 300 ಕಿಲೋಮೀಟರಿನಷ್ಟು ಪಯಣಿಸಬೇಕಾದ ಬೆಂಗಳೂರಿನಲ್ಲಿ, ಹಜಾರದ ಗೋಡೆಗೆ ಒತ್ತಿದಂತೆ ಒಂದು ತುಂಡು ಸಮುದ್ರವನ್ನು ಸಾಕಿಕೊಂಡಿರುವ ಗೃಹಸ್ಥರ ವರ್ಗವೊಂದಿದೆ. ಸಿಹಿನೀರಿನಲ್ಲಿ ಗೋಲ್ಡ್‌ಫಿಶ್ ಸಾಕುವವರನ್ನು ಈ ವರ್ಗದವರು, ವೀಣೆ ಕಲಿತವರು ಪೀಪಿ ಊದುವವರನ್ನು ನೋಡುವ ದೃಷ್ಟಿಯಿಂದ ನೋಡುತ್ತಾರೆ. ಶೋಧಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರಲವಣವನ್ನು ಕರಗಿಸಿ, ಒಂದು ಹನಿ ನೀರಿನಲ್ಲಿ ಬೆಳಕು ಬಾಗುವ ಪ್ರಮಾಣದಿಂದ ಉಪ್ಪಿನಂಶವನ್ನು ತಿಳಿಸುವ ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣವನ್ನು ಕಣ್ಣಿಗೆ ಹಿಡಿದು, 35ರ ಬದಲು 34 ಕಂಡರೆ ಕಳವಳಗೊಳ್ಳುವ ಇವರು, ಊಟಕ್ಕೆ ಕುಳಿತಾಗ ಸಾರಿಗೆ ಉಪ್ಪೇ ಬಿದ್ದಿಲ್ಲವೆಂಬುದನ್ನು ಮಾತ್ರ ಪಕ್ಕದವರು ಹೇಳುವವರೆಗೆ ಗಮನಿಸುವುದಿಲ್ಲ.

ಇವರನ್ನು ಪಂಡಿತರೆಂದು ಕರೆಯಲು ಕಾರಣವಾದದ್ದು ಇವರ ರೋಗಪರೀಕ್ಷೆ. ಮೀನು ಆರೋಗ್ಯವಾಗಿರುವ ದಿನಗಳಲ್ಲಿ ಪಂಡಿತರ ಕಣ್ಣಿಗೆ ರೋಗವಿಲ್ಲದ ಮೀನೇ ಬೀಳುವುದಿಲ್ಲ. ಈಜುರೆಕ್ಕೆಗೆ ಅಂಟಿದ ಮರಳಿನ ಕಣ, ಪಂಪಿನಿಂದ ಹೊರಟ ಗಾಳಿಗುಳ್ಳೆ, ಗಾಜಿನ ಹೊರಮೈಯ ಮೇಲಿನ ಧೂಳು ಇವೆಲ್ಲವೂ ಪರಾವಲಂಬಿಗಳೇ ಆಗಿದ್ದು, ಮೀನೊಂದು ಬಂಡೆಗೆ ಒಮ್ಮೆ ಮೈ ಉಜ್ಜಿತೆಂದರೆ ಮನೆಯ ದೀಪಗಳೆಲ್ಲ ಆರಿ ಟಾರ್ಚು ಹೊರಬರುತ್ತದೆ. ಗಡಿಯಾರ ಹಿಡಿದು ಮೀನಿನ ಕಿವಿರು ನಿಮಿಷಕ್ಕೆ ಎಷ್ಟು ಸಲ ತೆರೆಯಿತೆಂದು ಎಣಿಸುವ ಪಂಡಿತರು ತಮ್ಮ ರಕ್ತದೊತ್ತಡವನ್ನು ಅಳೆಸಿಕೊಂಡವರಲ್ಲ; ಪತ್ನಿಗೆ ವಾರದಿಂದ ಕೆಮ್ಮಿದ್ದರೆ ಕಷಾಯ ಕುಡಿಯುವಂತೆ, ಗಾಜಿನಿಂದ ಮುಖ ತೆಗೆಯದೆಯೇ, ಸೂಚಿಸುತ್ತಾರೆ.

ಆದರೂ ಈ ವಿದ್ಯೆ ನಗುವಂಥದ್ದಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹವ್ಯಾಸಿಗಳು ಇಕ್ ಎಂದು ಕರೆಯುವ ರೋಗಕ್ಕೆ ಕ್ರಿಪ್ಟೊಕ್ಯಾರಿಯನ್ ಇರಿಟಾನ್ಸ್ ಎಂಬ, ಸೂಕ್ಷ್ಮ ರೋಮಗಳ ಬಲದಿಂದ ಈಜುವ ಏಕಕೋಶಜೀವಿ ಕಾರಣವಾಗಿದ್ದು, ಅದು ಚರ್ಮದೊಳಕ್ಕೆ ಹೊಕ್ಕು ಬೆಳೆದಾಗ ಮೀನಿನ ಮೈಮೇಲೆ ಬಿಡಿಬಿಡಿಯಾಗಿ ಎಣಿಸಬಹುದಾದ ಬಿಳಿಯ ಹರಳುಗಳು ಕಾಣುತ್ತವೆ. ಹರಳುಗಳ ಬದಲು ಹೊಂಬಣ್ಣದ ಹಿಟ್ಟು ಉದುರಿಸಿದಂತೆ ಕಂಡರೆ ಅದು ವೆಲ್ವೆಟ್. ಅಮೈಲೂಡಿನಿಯಮ್ ಎಂಬ ಈ ಜೀವಿ ಮೊದಲು ಹಿಡಿಯುವುದು ಕಿವಿರನ್ನಾದ್ದರಿಂದ, ಮೈಮೇಲೆ ಏನೂ ಕಾಣದಿದ್ದಾಗಲೂ ಮೀನು ಏದುಸಿರು ಬಿಡುತ್ತದೆ, ಬೆಳಕಿಗೆ ಹಿಂಜರಿಯುತ್ತದೆ, ಪಂಪಿನ ನೀರು ರಭಸವಾಗಿ ಬರುವಲ್ಲಿ ಬಾಯಿಟ್ಟು ನಿಲ್ಲುತ್ತದೆ, ಕೆಲವೇ ದಿನಗಳಲ್ಲಿ ಸತ್ತೂ ಹೋಗಬಹುದು. ಕ್ಲೌನ್ ಮೀನಿನ ಚರ್ಮ ಲೋಳೆಲೋಳೆಯಾಗಿ ಸುಲಿದು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾವನ್ನು ಶಂಕಿಸಬೇಕು. ಕಣ್ಣು ಮಂಜಾಗಿ ಮೀನು ತಲೆ ಕೊಡವುತ್ತಿದ್ದರೆ ಫ್ಲೂಕ್ ಎಂಬ ಚಪ್ಪಟೆ ಹುಳು ಇದ್ದೀತು. ಮೈಮೇಲಿರುವಾಗ ಪಾರದರ್ಶಕವಾಗಿ ಕಣ್ತಪ್ಪಿಸುವ ಈ ಹುಳು, ಅದೇ ಉಷ್ಣತೆಯ ಸಿಹಿನೀರಿನಲ್ಲಿ ಮೀನನ್ನು ಕೆಲವು ನಿಮಿಷ ಇರಿಸಿದರೆ ಬೆಳ್ಳಗಾಗಿ ಪಾತ್ರೆಯ ತಳಕ್ಕೆ ಉದುರುತ್ತದೆ. ರೆಕ್ಕೆಯಂಚಿನಲ್ಲಿ ಹೂಕೋಸಿನಂತೆ ಗಂಟುಕಟ್ಟುವ ಲಿಂಫೋಸಿಸ್ಟಿಸ್ ಪರಾವಲಂಬಿಯದೇ ಅಲ್ಲ, ವೈರಸ್ಸಿನದು. ಮೊದಲು ಉಸಿರು, ಆಮೇಲೆ ಚರ್ಮ ಎಂಬ ಈ ನೋಟದ ಕ್ರಮ ಪಂಡಿತರಿಗೆ ಬಾಯಿಪಾಠವಾಗಿದ್ದು, ಕೇಳಿದವರಿಗೂ ಕೇಳದವರಿಗೂ ಅದನ್ನು ವಿವರಿಸಬಲ್ಲರು.

ತೊಡಕು ಹುಟ್ಟುವುದು ನಿಜವಾದ ರೋಗ ಬಂದಾಗ. ಹೊಸ ಮೀನನ್ನು ಕೆಲವು ವಾರ ಬೇರೆಯ ತೊಟ್ಟಿಯಲ್ಲಿಟ್ಟು ಗಮನಿಸಬೇಕೆಂಬುದು ಈ ಶಾಸ್ತ್ರದ ಮೊದಲ ಸೂತ್ರ. ಅಂಥ ಕ್ವಾರಂಟೈನ್ ತೊಟ್ಟಿಯೊಂದು ಪಂಡಿತರಲ್ಲಿ ಖಂಡಿತ ಇರುತ್ತದೆ. ಅದು ಯುಟಿಲಿಟಿಯಲ್ಲಿ, ಹಳೆಯ ಪತ್ರಿಕೆ ಹಾಸಿಕೊಂಡು, ಆಲೂಗಡ್ಡೆ ತುಂಬಿಕೊಂಡಿರುತ್ತದೆ. 2003ರ ‘ಫೈಂಡಿಂಗ್ ನೀಮೊ’ ಚಿತ್ರದ ಡೋರಿಯಿಂದ ಮನೆಮಾತಾದ, ಇಕ್‌ಗೆ ಬಲುಬೇಗ ತುತ್ತಾಗುವುದರಲ್ಲೂ ಅಷ್ಟೇ ಹೆಸರಾದ ಬ್ಲೂ ಟ್ಯಾಂಗ್ ಒಂದನ್ನು ಭಾನುವಾರ ಅಂಗಡಿಯಲ್ಲಿ ಕಂಡು, ‘ಸಾರ್, ಚೆನ್ನಾಗಿ ತಿಂತಾ ಇದೆ’ ಎಂಬ ಪ್ರಮಾಣಪತ್ರದೊಡನೆ ಕೊಂಡು ತಂದು, ನೇರವಾಗಿ ದೊಡ್ಡ ತೊಟ್ಟಿಗೇ ಬಿಡುವ ಪಂಡಿತರಿಗೆ, ಮುಂದಿನ ವಾರ ಅದರ ಮೈಮೇಲೆ ಬಿಳಿಯ ಹರಳುಗಳು ಎದ್ದಾಗ, ಇಷ್ಟು ದಿನ ಮರಳಿನಲ್ಲೂ ಇಕ್ ಕಂಡ ಅದೇ ಕಣ್ಣಿಗೆ, ಇಕ್‌ನಲ್ಲಿ ಮರಳು ಕಾಣತೊಡಗುತ್ತದೆ.

ಮರಳಲ್ಲವೆಂದು ಮೂರನೆಯ ದಿನ ಮನದಟ್ಟಾದ ಮೇಲೆ ಚಿಕಿತ್ಸೆ ಮೊದಲಾಗುತ್ತದೆ. ಸಸ್ಯಾಹಾರಿ ಮನೆಯ ಫ್ರೀಜರಿನಲ್ಲಿ ಐಸ್‌ಕ್ರೀಮಿನ ಪಕ್ಕದ ಸ್ಥಳವನ್ನು ಸಿಗಡಿಯ ಪೊಟ್ಟಣಗಳಿಗೆ ಬಿಟ್ಟುಕೊಟ್ಟು ಹೇಗೋ ಸಹಿಸಿಕೊಂಡಿದ್ದ ತಾಯಿಯವರು, ಆ ಸಿಗಡಿಯನ್ನು ಈಗ ಬೆಳ್ಳುಳ್ಳಿಯ ರಸದಲ್ಲಿ ನೆನೆಸುವುದನ್ನು ಕಂಡು, ಇದಕ್ಕಿಂತ ದೃಷ್ಟಿ ತೆಗೆಯುವುದೇ ಮೇಲೆಂದು ತೀರ್ಮಾನಿಸಿ, ಹುಟ್ಟಿದಂದಿನಿಂದ ಉಪ್ಪಿನಲ್ಲೇ ಬದುಕುತ್ತಿರುವ ಮೀನಿಗೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಎರಡು ದಿನಗಳಲ್ಲಿ ಹರಳುಗಳೆಲ್ಲ ಮಾಯವಾಗುತ್ತವೆ. ಗೆದ್ದದ್ದು ಬೆಳ್ಳುಳ್ಳಿಯೋ ದೃಷ್ಟಿಯೋ ಎಂಬ ವಾದ ಮನೆಯಲ್ಲಿ ವಾರಗಟ್ಟಲೆ ನಡೆಯುತ್ತದೆ.

ಎರಡೂ ಗೆದ್ದಿರುವುದಿಲ್ಲ. ಮೀನಿನ ಮೈಯಲ್ಲಿ ಮೂರರಿಂದ ಏಳು ದಿನ ಉಂಡು ಬೆಳೆದ ಪರಾವಲಂಬಿ, ಯಾರು ಏನು ಮಾಡಿದರೂ ಮಾಡದಿದ್ದರೂ, ತಾನಾಗಿಯೇ ಕಳಚಿಕೊಂಡು ತಳಕ್ಕಿಳಿದು, ಮರಳಿಗೋ ಬಂಡೆಗೋ ಅಂಟಿ, ಸುತ್ತಲೂ ಗಟ್ಟಿಯಾದ ಕೋಶವನ್ನು ಕಟ್ಟಿಕೊಂಡು, ಒಳಗೆ ಪುನಃಪುನಃ ವಿಭಜಿಸಿ, ಕೆಲವು ದಿನಗಳಿಂದ ಕೆಲವು ವಾರಗಳ ಅವಧಿಯಲ್ಲಿ ನೂರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳು ಒಂದೆರಡು ದಿನಗಳೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ; ಅಪಾರವಾದ ಕಡಲಿನಲ್ಲಿ ಹೆಚ್ಚಿನವುಗಳ ಗತಿ ಅದೇ. ನಾಲ್ಕಡಿಯ ತೊಟ್ಟಿಯಲ್ಲಾದರೋ ಮೀನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಎರಡನೆಯ ಸುತ್ತಿನಲ್ಲಿ ಟ್ಯಾಂಗ್ ಮಾತ್ರವಲ್ಲದೆ ಕ್ಲೌನ್ ಮೀನುಗಳೂ ಹರಳು ಹೊತ್ತುಕೊಂಡಾಗ ವಾದ ನಿಲ್ಲುತ್ತದೆ. ಬೆಳ್ಳುಳ್ಳಿ ಹಾಕಿದ್ದರಿಂದಲೇ ದೃಷ್ಟಿಯ ಫಲ ಕೆಟ್ಟಿತೆಂದು ತಾಯಿಯವರು ಒಮ್ಮೆ ಹೇಳಿ ಸುಮ್ಮನಾಗುತ್ತಾರೆ.

ನೀರಿಗೆ ಅಳತೆಯರಿತು ತಾಮ್ರ ಬೆರೆಸುವುದು ಬಲ್ಲವರು ಒಪ್ಪಿದ ಚಿಕಿತ್ಸೆಯಾದರೂ, ಅದೇ ತಾಮ್ರ ಸಿಗಡಿಗಳನ್ನೂ ಇತರ ಅಕಶೇರುಕಗಳನ್ನೂ, ಎಂದರೆ ಬೆನ್ನೆಲುಬಿಲ್ಲದ ಜೀವಿಗಳನ್ನೂ, ಕೊಲ್ಲುವುದರಿಂದ ದೊಡ್ಡ ತೊಟ್ಟಿಗೆ ಅದನ್ನು ಹಾಕುವಂತಿಲ್ಲ. ಆದುದರಿಂದ ಆಲೂಗಡ್ಡೆ ಬುಟ್ಟಿಗೆ ಸ್ಥಳಾಂತರಗೊಂಡು, ಮೀನುಗಳು ಯುಟಿಲಿಟಿಗೆ ದಾಖಲಾಗಿ, ಹಜಾರದ ತೊಟ್ಟಿ ಸುಮಾರು ಹನ್ನೊಂದು ವಾರಗಳ ಉಪವಾಸಕ್ಕೆ ಖಾಲಿಯಾಗುತ್ತದೆ. ಮೀನು ನೋಡಲೆಂದು ಮಕ್ಕಳನ್ನು ಕರೆತಂದ ನೆಂಟರನ್ನು ಬರಿಯ ನೀರಿನೆದುರು ಕೂರಿಸಿ, ಒಳಗೆ ಅಸಂಖ್ಯ ಜೀವಿಗಳು ಈ ಕ್ಷಣ ಹಸಿವಿನಿಂದ ಸಾಯುತ್ತಿವೆಯೆಂದು ಹರ್ಷದಿಂದ ವಿವರಿಸುವ ಪಂಡಿತರು, ಆರಂಭದಲ್ಲಿ ಎಪ್ಪತ್ತಾರು ದಿನಕ್ಕೆ ಒಂದು ದಿನವೂ ಕಡಿಮೆಯಾಗಕೂಡದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದವರೇ. ಆರನೆಯ ವಾರದ ಶನಿವಾರ, ಅಪರೂಪದ ಪೌಡರ್ ಬ್ಲೂ ಟ್ಯಾಂಗ್ ಬಂದಿದೆಯೆಂದೂ ಚೆನ್ನಾಗಿ ತಿನ್ನುತ್ತಿದೆಯೆಂದೂ ಅಂಗಡಿಯಿಂದ ಫೋನು ಬಂದಾಗ, ಬೆಂಗಳೂರಿನ ಸೆಕೆಗೆ ಪರಾವಲಂಬಿಗಳು ಬೇಗನೆ ಸಾಯುತ್ತವೆಂಬ ಹೊಸ ಸಿದ್ಧಾಂತವೊಂದು ಅವರಿಗೆ ಹೊಳೆಯುತ್ತದೆ.