ಜಾಲಹರಾಜು ಶಿಷ್ಟಾಚಾರ ಮೀಮಾಂಸೆ: ಹಳೆಯ ಕಾರುಗಳ ಮಟ್ಟಿಗೆ

ಹಳೆಯ ಕಾರನ್ನು ಮೊಬೈಲಿನಲ್ಲಿ ಹರಾಜು ಕೂಗಿ ಕೊಳ್ಳುವುದು ಅರವತ್ತನಾಲ್ಕು ವಿದ್ಯೆಗಳಲ್ಲಿ ಸೇರಿಲ್ಲ. ಅರವತ್ತೈದನೆಯದಾಗಿ ಸೇರಿಸಬೇಕೆಂಬುದೇ ಈ ಪ್ರಬಂಧದ ವಿನಮ್ರ ಉದ್ದೇಶ. ಅದಕ್ಕೂ ಮೊದಲು ಪೂರ್ವಸೂರಿಗಳ ಸ್ಮರಣೆ.

ಮೊದಲನೆಯವನು ರೋಮಿನ ಡಿಡಿಯಸ್ ಜೂಲಿಯಾನಸ್. ಕ್ರಿ.ಶ. 193ರಲ್ಲಿ ಕಾವಲು ಸೈನಿಕರು ದೊರೆಯನ್ನು ಕೊಂದು ಸಾಮ್ರಾಜ್ಯವನ್ನೇ ಹರಾಜಿಗಿಟ್ಟಾಗ ಈತ ಸೈನಿಕನೊಬ್ಬನಿಗೆ 25,000 ಸೆಸ್ಟರ್ಸ್‌ನಂತೆ ಕೂಗಿ ಗೆದ್ದ. ಟೆಸ್ಟ್ ಡ್ರೈವ್ ಕೇಳಲಿಲ್ಲ, ಅದರ ಮೇಲೆ ಬೇರೆಯವರ ಕಣ್ಣಿದೆಯೇ ಎಂದು ವಿಚಾರಿಸಲಿಲ್ಲ. 66 ದಿನಕ್ಕೆ ಸಾಮ್ರಾಜ್ಯವೂ ಹೋಯಿತು, ಜೀವವೂ ಹೋಯಿತು. ಎರಡನೆಯವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್. ಹಳೆಯ ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಹಾಗಾಗಿ ಒಳ್ಳೆಯ ಕಾರು ಸಂತೆಗೇ ಬರುವುದಿಲ್ಲ ಎಂದು 1970ರಲ್ಲಿ ಬರೆದು 2001ರಲ್ಲಿ ನೊಬೆಲ್ ಹಂಚಿಕೊಂಡರು. ಇದೇ ಮಾತನ್ನು ದಿನಕ್ಕೆ ಹತ್ತು ಸಲ ಹೇಳುವ ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಬೈಟೂ ಕಾಫಿಯೂ ಗಿಟ್ಟಿಲ್ಲ.

ಇನ್ನು ಮಾರುವವನ ಧರ್ಮ. ಫೋಟೋ ತೆಗೆಯುವ ಮುನ್ನ ಗಾಡಿಗೆ ನೀರೆರಚಬೇಕು. ಒದ್ದೆ ಮೈಯಲ್ಲಿ ಗೀರು ಕಾಣುವುದಿಲ್ಲ. ನಂಬರ್ ಪ್ಲೇಟನ್ನು ಹೆಬ್ಬೆರಳಿನಿಂದ ಮರೆಮಾಡಬೇಕು, ಇಲ್ಲದಿದ್ದರೆ ಬಾಕಿ ಉಳಿದ ಟ್ರಾಫಿಕ್ ದಂಡವನ್ನು ನೋಡಿಬಿಡುತ್ತಾರೆ. ವಿವರದಲ್ಲಿ ‘ಡಾಕ್ಟರ್ ಓಡಿಸಿದ್ದು, ಸಿಂಗಲ್ ಓನರ್’ ಎಂದು ಬರೆಯುವುದು ಮಂಗಳಾಚರಣೆ. ಯಾವ ಡಾಕ್ಟರ್ ಎಂದು ಕೇಳುವುದು ಅಶಿಷ್ಟ. ತನ್ನ ಗಾಡಿಗೆ ಭಾವಮೈದುನನಿಂದ ಬಿಡ್ ಏರಿಸುವುದು ಬಾಂಧವ್ಯದ ಲಕ್ಷಣವೆಂದು ಒಂದು ಪಂಥ ವಾದಿಸುತ್ತದೆ. ಆದರೆ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿಗೆ ಬಂಧುಪ್ರೇಮ ತಿಳಿಯದು: ಬೆಲೆ ಏರಿಸಲೆಂದು ಮಾರುವವನು ಸುಳ್ಳು ಕೂಗು ಹಾಕಿಸಿದರೆ, ಕೊಂಡವನು ವ್ಯಾಪಾರವನ್ನೇ ರದ್ದುಪಡಿಸಬಹುದು.

ಕೊಳ್ಳುವವನ ಧರ್ಮ ಇದಕ್ಕಿಂತ ಗಹನ. ಹರಾಜು ನಡೆಯುತ್ತಿರುವಾಗಲೇ ಮಾರುವವನಿಗೆ ಫೋನ್ ಮಾಡುವುದು ಅದರ ಮೊದಲ ಸೂತ್ರ.

“ಸರ್, ಲಾಸ್ಟ್ ಎಷ್ಟಾಗತ್ತೆ?”

“ಹರಾಜು ನಡೀತಿದೆ ಸರ್.”

“ಅದು ನಡೀಲಿ ಬಿಡಿ ಸರ್. ಲಾಸ್ಟ್ ಹೇಳಿ.”

ಈ ಸಂವಾದಕ್ಕೆ ಕೊನೆಯಿಲ್ಲವೆಂದು ಎಲ್ಲ ಭಾಷ್ಯಕಾರರೂ ಒಪ್ಪಿದ್ದಾರೆ.

ಗಾಡಿ ನೋಡಲು ಹೋದಾಗ ಏನು ಮಾಡಬೇಕೆಂಬಲ್ಲಿ ಮಾತ್ರ ಭಿನ್ನಮತ. ಬೋನೆಟ್‌ವಾದಿಗಳು ಬೋನೆಟ್ ಎತ್ತಿಸಿ, ಏನೂ ಅರ್ಥವಾಗದೆ, “ಹ್ಞೂಂ” ಎನ್ನುತ್ತಾರೆ. ಟೈರುವಾದಿಗಳು ಟೈರನ್ನು ಒದೆಯುತ್ತಾರೆ. ಸಿದ್ಧಾಂತಪಕ್ಷ ಬೇರೆ. ಒದೆಯುವ ಬದಲು ಬಗ್ಗಿ ಟೈರಿನ ಮೈಮೇಲಿನ ನಾಲ್ಕಂಕಿ ಓದಬೇಕು. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಬೇಕು. ತುದಿಯಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ 2022ರ ಬೆಂಗಳೂರಿನ ನೆರೆಯಂಥದ್ದರಲ್ಲಿ ಈಜಿ ಬಂದಿರಬಹುದು. ಮೀಟರು ಮೂವತ್ತು ಸಾವಿರ ಕಿಲೋಮೀಟರ್ ಎನ್ನುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಇಣುಕುತ್ತಿದ್ದರೆ ರಬ್ಬರನ್ನೇ ನಂಬತಕ್ಕದ್ದು. ಪ್ರತ್ಯಕ್ಷದ ಮುಂದೆ ಶಬ್ದಪ್ರಮಾಣ ನಿಲ್ಲದು.

ಸಾಲ ಕಟ್ಟದ್ದಕ್ಕೆ ಬ್ಯಾಂಕಿನವರು ಎಳೆದು ತಂದ ಗಾಡಿಗಳಿಗೆ ಇದ್ಯಾವ ಶಿಷ್ಟಾಚಾರವೂ ಇಲ್ಲ. ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಒಂದೇ ಸಾಲು. ಬ್ಯಾಟರಿ ಇಲ್ಲವೆಂದು ದೂರುವಂತಿಲ್ಲ. ಇಷ್ಟು ಪ್ರಾಮಾಣಿಕವಾದ ವಾಕ್ಯ ಈ ವ್ಯಾಪಾರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಮತ.

ಹರಾಜು ಗೆದ್ದು, ಹಣ ಸೇರಿ, ಕೀ ಕೈ ಬದಲಾಯಿಸಿದ ಕೂಡಲೇ “ಸರ್, ಸರ್” ಎನ್ನುತ್ತಿದ್ದವರಿಬ್ಬರೂ ಪರಸ್ಪರರ ಫೋನ್ ಎತ್ತುವುದನ್ನು ಬಿಡುತ್ತಾರೆ. ಶಾಸ್ತ್ರದ ಪ್ರಕಾರ ಶಿಷ್ಟಾಚಾರ ಆಗ ಆರಂಭವಾಗಬೇಕು. ಫಾರಂ 29, ಫಾರಂ 30ಕ್ಕೆ ಸಹಿ. ಸಾಲವಿದ್ದರೆ ಫಾರಂ 35, ಬ್ಯಾಂಕಿನ ಎನ್‌ಒಸಿ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಮಾರಿದವನು, 30 ದಿನದೊಳಗೆ ಕೊಂಡವನು ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಹೇಳುತ್ತದೆ. ಕೊಂಡವನು “ಮುಂದಿನ ವಾರ ಮಾಡಿಸ್ತೀನಿ ಸರ್” ಎನ್ನುತ್ತಾನೆ. ಅಷ್ಟರಲ್ಲಿ ಗಾಡಿಯನ್ನು ಇನ್ನೊಬ್ಬನಿಗೆ ಮಾರಿರುತ್ತಾನೆ. ಅಂಥ ಗಾಡಿ ಎಷ್ಟೇ ಕೈ ದಾಟಿದ್ದರೂ, ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.